ಪುಟದ ಒಳಬರಹ

(ಸೋಲೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ಪಾಠ)



ಪ್ರಾಚೀನ ಕವಿಯ ಕೃತಿಯೊಂದನ್ನೋ ಶಿಲಾಶಾಸನವೊಂದನ್ನೋ ಮುಂದಿರಿಸಿಕೊಂಡು ಮಾತನಾಡುವುದು ದತ್ತಿ ಉಪನ್ಯಾಸಗಳಲ್ಲಿ ಬಹುಕಾಲದಿಂದ ನಡೆದುಬಂದ ಸಂಪ್ರದಾಯ. ಆ ಸಂಪ್ರದಾಯದಲ್ಲಿ ನನಗೆ ಪೂರ್ಣವಾದ ಗೌರವವುಂಟು. ಆದಾಗ್ಯೂ ಜಾಲತಾಣಗಳನ್ನು ಕಟ್ಟುವ ಕುಶಲಕರ್ಮವನ್ನು ಇಂದಿನ ವಿಷಯವನ್ನಾಗಿ ಆರಿಸಿಕೊಂಡಿರುವುದಕ್ಕೆ ಕಾರಣವಿಷ್ಟೆ: ಕನ್ನಡದ ಬರಹವೂ ಓದೂ ದಿನೇ ದಿನೇ ಕಾಗದದಿಂದ ಪರದೆಗೆ ಸರಿಯುತ್ತಿರುವ ಈ ಕಾಲದಲ್ಲಿ, ಆ ಪರದೆಯ ಹಿಂದೆ ನಮ್ಮ ಅಕ್ಷರಗಳು ಯಾವ ರೂಪದಲ್ಲಿ ಇರಿಸಲ್ಪಟ್ಟಿವೆ, ಯಾರ ಅಧೀನದಲ್ಲಿವೆ, ಎಷ್ಟು ಕಾಲ ಉಳಿದಾವು ಎಂಬ ಪ್ರಶ್ನೆಗಳು ಸಾಹಿತ್ಯದ ಪ್ರಶ್ನೆಗಳೇ ಆಗಿವೆ. ತಾಳೆಗರಿಯ ಪಾಠವನ್ನು ಪರಿಷ್ಕರಿಸುವ ಪಂಡಿತನಿಗೆ ಲಿಪಿಕಾರನ ಕೈಬರಹದ ಜ್ಞಾನವು ಹೇಗೆ ಅವಶ್ಯಕವೋ, ಇಂದಿನ ಕನ್ನಡದ ಹಿತವನ್ನು ಬಯಸುವವನಿಗೆ ಜಾಲಪುಟದ ಒಳಬರಹದ ಜ್ಞಾನವೂ ಹಾಗೆಯೇ ಅವಶ್ಯಕವೆಂದು ನಾನು ನಂಬಿದ್ದೇನೆ.

ಈ ಮಾತನ್ನು ಸೋಲೂರಿನಲ್ಲಿ ಆಡುವುದು ಉಚಿತವೇ ಆಗಿದೆ. ಮಾಗಡಿ ಸೀಮೆಯ ಈ ಹೋಬಳಿಯ ಕೇಂದ್ರವು ನೆಲಮಂಗಲಕ್ಕೂ ಕುಣಿಗಲಿಗೂ ನಡುವೆ, ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯ ಮೇಲಿದೆ. ಇಲ್ಲಿಂದ ಬೆಳಗ್ಗೆ ಬಸ್ಸು ಹತ್ತಿ ಬೆಂಗಳೂರಿನ ಕಡೆಗೆ ಹೋಗುವ ತರುಣ ತರುಣಿಯರಲ್ಲಿ ಕೆಲವರು ವೆಬ್ ಡಿಸೈನಿಂಗ್ ಕಲಿತವರು, ಅದನ್ನೇ ಜೀವನೋಪಾಯವನ್ನಾಗಿ ಮಾಡಿಕೊಳ್ಳಬೇಕೆಂದಿರುವವರು. ಅವರೊಡನೆ ಮಾತಿಗೆ ಕುಳಿತರೆ ಎರಡು ಪಕ್ಷಗಳು ಬೇಗನೆ ಕಾಣಿಸಿಕೊಳ್ಳುತ್ತವೆ. ಕೋಡನ್ನು ಕೈಯಾರೆ ಬರೆಯದವನು ಕಸುಬುದಾರನೇ ಅಲ್ಲವೆಂಬುದು ಒಂದು ಪಕ್ಷ. ಸಿದ್ಧ ಟೆಂಪ್ಲೇಟಿರುವಾಗ, ಚಿತ್ರವನ್ನೂ ಅಕ್ಷರವನ್ನೂ ಎಳೆದು ತಂದು ಬಿಟ್ಟರೆ ಪುಟವು ತಾನೇ ಸಿದ್ಧವಾಗುವಾಗ, ಕೋಡ್ ಬರೆಯುತ್ತ ಕೂರುವುದು ಕಾಲಹರಣವೆಂಬುದು ಇನ್ನೊಂದು. ಈ ಎರಡನೆಯ ಪಕ್ಷದ ಹುಡುಗನೊಬ್ಬ ನನಗೆ ಹೇಳಿದ ಮಾತನ್ನು ಇಲ್ಲಿ ಯಥಾವತ್ತಾಗಿ ಇರಿಸುತ್ತೇನೆ: “ಸಾರ್, ಕಸ್ಟಮರ್ ಯಾರೂ ಕೋಡ್ ನೋಡಲ್ಲ, ಸ್ಕ್ರೀನ್ ನೋಡ್ತಾರೆ. ಸ್ಕ್ರೀನ್ ಚೆನ್ನಾಗಿದ್ರೆ ದುಡ್ಡು ಕೊಡ್ತಾರೆ.” ಈ ಮಾತಿನಲ್ಲಿ ಸತ್ಯಾಂಶವಿದೆ, ಜೀವನದ ಒತ್ತಡವೂ ಇದೆ, ಅದನ್ನು ತಿರಸ್ಕರಿಸಿ ಮುಂದುವರಿಯುವುದು ಸಲ್ಲದು. ಅದು ಎಷ್ಟರ ಮಟ್ಟಿಗೆ ಸತ್ಯ, ಎಲ್ಲಿಂದ ಮುಂದೆ ಅಪಾಯಕಾರಿ ಎಂಬುದನ್ನು ನಿರ್ಣಯಿಸುವುದೇ ಇಂದಿನ ನನ್ನ ಉದ್ದೇಶ.

ಕೈಯಿಂದ ಬರೆಯುವುದೆಂದರೇನೆಂಬುದನ್ನು ಮೊದಲು ಸಮೀಪದಿಂದ ನೋಡೋಣ. ಪ್ರತಿಯೊಂದು ಗಣಕದಲ್ಲಿಯೂ ಇರುವ ನೋಟ್‌ಪ್ಯಾಡಿನಂಥ ಸಾಧಾರಣ ಸಾಧನವೊಂದನ್ನು ತೆರೆದು, ಇದು ಜಾಲಪುಟದ ಗುರುತುಭಾಷೆಯಾದ ಎಚ್‌ಟಿಎಂಎಲ್ ದಾಖಲೆಯೆಂದು ಮೊದಲ ಸಾಲಿನಲ್ಲಿ ಘೋಷಿಸಿ, ಎರಡನೆಯ ಸಾಲಿನಲ್ಲಿ ಇದರ ಭಾಷೆ ಕನ್ನಡವೆಂದು ‘ಕೆಎನ್’ ಎಂಬ ಎರಡಕ್ಷರದ ಸಂಕೇತದಿಂದ ಸೂಚಿಸಿ, ಅನಂತರ ಅಕ್ಷರಗಳ ಸಂಕೇತಕ್ರಮವು ಯುಟಿಎಫ್-8 ಎಂದು ನಮೂದಿಸಿ, ಊರಿನ ಹೆಸರನ್ನು ಮುಖ್ಯ ಶೀರ್ಷಿಕೆಯ ಟ್ಯಾಗುಗಳೆಂಬ ಗುರುತುಗಳ ನಡುವೆಯೂ ಊರಿನ ವಿವರವನ್ನು ಪರಿಚ್ಛೇದದ ಟ್ಯಾಗುಗಳ ನಡುವೆಯೂ ಬರೆದು ಉಳಿಸಿದರೆ, ಅದು ಜಾಲಪುಟ. ಹತ್ತು ಹನ್ನೆರಡು ಸಾಲುಗಳಿಗೆ ಮೀರದ ಈ ಕಡತವನ್ನು ಯಾವ ಬ್ರೌಸರಾದರೂ ತೆರೆದು ತೋರಿಸಬಲ್ಲುದು. ಇಲ್ಲಿ ಬರೆದವನು ಶೀರ್ಷಿಕೆಯನ್ನು ಶೀರ್ಷಿಕೆಯೆಂದು ಹೇಳಿದ್ದಾನೆಯೇ ಹೊರತು, ದಪ್ಪಕ್ಷರವೆಂದು ಹೇಳಿಲ್ಲ. ಅದು ಎಷ್ಟು ದಪ್ಪವಿರಬೇಕು, ಯಾವ ಬಣ್ಣದಲ್ಲಿರಬೇಕು ಎಂಬ ಅಲಂಕಾರವನ್ನು ಸಿಎಸ್‌ಎಸ್ ಎಂಬ ಬೇರೆಯೊಂದು ಶೈಲಿಪತ್ರದಲ್ಲಿ ಬರೆಯಲಾಗುತ್ತದೆ. ಅರ್ಥವೊಂದೆಡೆ, ಅಲಂಕಾರವೊಂದೆಡೆ ಎಂಬ ಈ ವಿಭಾಗಕ್ಕೆ ಸಾಧನವಾದ ಸಿಎಸ್‌ಎಸನ್ನು 1994ರಲ್ಲಿ ಹೋಕೋನ್ ವಿಯುಮ್ ಲೀ ಎಂಬ ನಾರ್ವೆಯ ತಂತ್ರಜ್ಞನು ಪ್ರಸ್ತಾವಿಸಿದನು. 1996ರ ಡಿಸೆಂಬರಿನಲ್ಲಿ ಅದು ಪ್ರಮಾಣವಾಗಿ ಅಂಗೀಕೃತವಾಯಿತು.

ದೃಶ್ಯತಂತ್ರಾಂಶದ ಮಾರ್ಗವು ಇದಕ್ಕೆ ವಿಲೋಮವಾದುದು. ಕಟ್ಟುವವನ ಮುಂದಿರುವುದು ಪುಟದ ಚಿತ್ರ. ಶೀರ್ಷಿಕೆಯನ್ನು ಅವನು ಬೇಕಾದೆಡೆಗೆ ಎಳೆಯುತ್ತಾನೆ, ದೊಡ್ಡದು ಮಾಡುತ್ತಾನೆ, ಚಿತ್ರದ ಪಕ್ಕಕ್ಕೆ ಸರಿಸುತ್ತಾನೆ. ಒಳಬರಹವನ್ನು ತಂತ್ರಾಂಶವು ಅವನ ಪರವಾಗಿ ಬರೆದುಕೊಳ್ಳುತ್ತದೆ. ಏನು ಬರೆಯಿತೆಂಬುದನ್ನು ಅವನು ನೋಡಬೇಕಾದ ಅಗತ್ಯವೇ ಬೀಳುವುದಿಲ್ಲ.

ಕೈಬರಹದ ಪಕ್ಷದವರು ತಮ್ಮ ಮಾರ್ಗವೇ ಮೂಲಮಾರ್ಗವೆಂದು ಹೇಳಿಕೊಳ್ಳುವುದುಂಟು. ಚರಿತ್ರೆ ಅವರ ಪರವಾಗಿ ಸಾಕ್ಷ್ಯ ಹೇಳುವುದಿಲ್ಲ. ಜಿನೀವಾದ ಸರ್ನ್ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ಜಾಲದ ಪ್ರಸ್ತಾವವನ್ನು ಮುಂದಿಟ್ಟು, 1990ರಲ್ಲಿ ನೆಕ್ಸ್ಟ್ ಎಂಬ ಗಣಕದ ಮೇಲೆ ರಚಿಸಿದ ಮೊತ್ತಮೊದಲ ಬ್ರೌಸರು ಓದುವ ಸಾಧನವಷ್ಟೇ ಆಗಿರದೆ ಬರೆಯುವ ಸಾಧನವೂ ಆಗಿದ್ದಿತು. ಕಂಡ ಪುಟವನ್ನು ಕಂಡಲ್ಲಿಯೇ ತಿದ್ದಬಹುದಾಗಿದ್ದಿತು. ಟ್ಯಾಗುಗಳನ್ನು ಸಾಮಾನ್ಯರು ಕೈಯಾರೆ ಬರೆದಾರೆಂಬ ನಿರೀಕ್ಷೆ ಆತನಿಗೇ ಇರಲಿಲ್ಲ. ಆದರೆ ಬೇರೆ ಬೇರೆ ಗಣಕಗಳಿಗಾಗಿ ತರುವಾಯ ಹುಟ್ಟಿದ ಬ್ರೌಸರುಗಳು, 1993ರಲ್ಲಿ ಬಂದು ಲೋಕಪ್ರಿಯವಾದ ಮೊಸಾಯಿಕ್ ಸಹಿತವಾಗಿ, ತೋರಿಸುವ ಕೆಲಸವನ್ನು ಮಾತ್ರ ವಹಿಸಿಕೊಂಡು ಬರೆಯುವ ಕೆಲಸವನ್ನು ಕೈಬಿಟ್ಟವು. ತತ್ಫಲವಾಗಿ ಬರೆಯಬೇಕೆಂದವರು ಟ್ಯಾಗುಗಳನ್ನೇ ಕಲಿಯಬೇಕಾಯಿತು. ಹೀಗೆ ಆಕಸ್ಮಿಕವಾಗಿ ಒದಗಿದ ಈ ನಿರ್ಬಂಧವು ದೊಡ್ಡದೊಂದು ಉಪಕಾರವನ್ನೇ ಮಾಡಿತೆನ್ನಬೇಕು: ಯಾವ ಪುಟವನ್ನು ಕಂಡರೂ ಅದರ ಮೂಲವನ್ನು ತೆರೆದು ನೋಡುವ ಸೌಲಭ್ಯ ಬ್ರೌಸರಿನಲ್ಲಿದ್ದುದರಿಂದ, ಗುರುವಿಲ್ಲದವನು ಸಹ ಇನ್ನೊಬ್ಬನ ಪುಟವನ್ನು ಓದಿ ತನ್ನ ಪುಟವನ್ನು ಬರೆಯಲು ಕಲಿತನು. ವಿದ್ಯೆಯು ಇಷ್ಟು ಬಿಚ್ಚುಮನಸ್ಸಿನಿಂದ ಹಂಚಲ್ಪಟ್ಟ ಕಸುಬು ಅಪೂರ್ವ.

ದೃಶ್ಯತಂತ್ರಾಂಶಗಳು ಬರಲು ತಡವಾಗಲಿಲ್ಲ. ವರ್ಮೀರ್ ಎಂಬ ಸಣ್ಣ ಸಂಸ್ಥೆ 1995ರಲ್ಲಿ ಹೊರತಂದ ಫ್ರಂಟ್‌ಪೇಜನ್ನು 1996ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಕೊಂಡುಕೊಂಡಿತು. 1997ರ ಡಿಸೆಂಬರಿನಲ್ಲಿ ಮ್ಯಾಕ್ರೊಮೀಡಿಯಾದ ಡ್ರೀಮ್‌ವೀವರ್ ಬಂದಿತು. ಈ ಡ್ರೀಮ್‌ವೀವರಿನಲ್ಲಿದ್ದ ಒಂದು ಗುಣವನ್ನು ನಾನು ಇಂದಿಗೂ ಮೆಚ್ಚುತ್ತೇನೆ. ಕೈಯಿಂದ ಬರೆದ ಕೋಡನ್ನು ಅದರೊಳಗೆ ತೆರೆದರೆ ಅದು ಆ ಬರಹವನ್ನು ಕೆಡಿಸದೆ ಉಳಿಸುತ್ತೇನೆಂದು ಮಾತು ಕೊಟ್ಟಿದ್ದಿತು. ಪರದೆಯ ಅರ್ಧದಲ್ಲಿ ಪುಟವನ್ನೂ ಇನ್ನರ್ಧದಲ್ಲಿ ಒಳಬರಹವನ್ನೂ ಒಟ್ಟಿಗೆ ನೋಡುವ ಅನುಕೂಲವೂ ಮುಂದೆ ಅದರಲ್ಲಿ ಬಂದಿತು. ಫ್ರಂಟ್‌ಪೇಜಿನ ನಡತೆ ಬೇರೆಯಾಗಿದ್ದಿತು. ಅದರ ಹಲವು ಸೌಲಭ್ಯಗಳು ತನ್ನದೇ ವಿಶೇಷ ಅಂಗಗಳನ್ನು ಸ್ಥಾಪಿಸಿಕೊಂಡ ಸರ್ವರಿನಲ್ಲಿ ಮಾತ್ರ ನಡೆಯುತ್ತಿದ್ದವು. 2003ರ ಆವೃತ್ತಿಯೇ ಅದರ ಕೊನೆಯ ಆವೃತ್ತಿಯಾಯಿತು. ಉಪಕರಣವು ಮುಪ್ಪಾಗುತ್ತದೆ, ಮಾರಲ್ಪಡುತ್ತದೆ, ನಿಲ್ಲಿಸಲ್ಪಡುತ್ತದೆ. ಅದರಿಂದ ರಚಿತವಾದ ಪುಟವು ಅದರ ನಂತರವೂ ಬದುಕಬೇಕಾಗಿರುತ್ತದೆ.

ಇನ್ನು ಕನ್ನಡದ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ನಮಗಿರುವ ಅನುಭವವು ಇಂಗ್ಲಿಷಿನವರಿಗೆ ಇಲ್ಲವಾದುದರಿಂದ, ಈ ವಾದದಲ್ಲಿ ಕನ್ನಡಿಗನು ಸ್ವತಂತ್ರವಾಗಿ ಹೇಳಬಹುದಾದ ಮಾತೊಂದುಂಟೆಂದು ನನ್ನ ಅಭಿಪ್ರಾಯ.

ಡಾ. ಯು.ಬಿ. ಪವನಜರು 1996ರಲ್ಲಿ ‘ವಿಶ್ವಕನ್ನಡ’ ಎಂಬ ತಾಣವನ್ನು ಜಾಲದಲ್ಲಿ ಆರಂಭಿಸಿದಾಗ, ಕನ್ನಡದ ಅಕ್ಷರವನ್ನು ಪರದೆಯ ಮೇಲೆ ಮೂಡಿಸುವುದೇ ಒಂದು ಸಾಹಸವಾಗಿದ್ದಿತು. ಯೂನಿಕೋಡ್ ಎಂಬ ವಿಶ್ವಸಂಕೇತದಲ್ಲಿ 1991ರಿಂದಲೇ ಕನ್ನಡಕ್ಕೆ 128 ಸ್ಥಾನಗಳ ಆವರಣವೊಂದು ಮೀಸಲಾಗಿದ್ದರೂ, ಅದನ್ನು ಅರಿತು ಒತ್ತಕ್ಷರಗಳನ್ನೂ ಗುಣಿತಾಕ್ಷರಗಳನ್ನೂ ಜೋಡಿಸಿ ತೋರಿಸುವ ಸಾಮರ್ಥ್ಯವು ಜನಸಾಮಾನ್ಯರ ಗಣಕಗಳಿಗೆ ಬಂದುದು 2001ರಲ್ಲಿ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಡನೆ ಬಂದ ಮೇಲೆ. ಅಲ್ಲಿಯವರೆಗೆ ನಮ್ಮವರು ಅನುಸರಿಸಿದ ಉಪಾಯ ಇದು: ರೋಮನ್ ಅಕ್ಷರಗಳಿಗೂ ಯೂರೋಪಿನ ಚಿಹ್ನೆಗಳಿಗೂ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಅಕ್ಷರಭಾಗಗಳ ಚಿತ್ರಗಳನ್ನು ಕೂರಿಸಿದ ಫಾಂಟೊಂದನ್ನು ರಚಿಸುವುದು. ಪರದೆಯ ಮೇಲೆ ಕನ್ನಡವೇ ಕಾಣಿಸುತ್ತಿದ್ದಿತು. ಒಳಗೆ ಇದ್ದುದಾದರೂ ಏನು? ನುಡಿ ತಂತ್ರಾಂಶದ ಹಳೆಯ ಕ್ರಮದಲ್ಲಿ ‘ಕನ್ನಡ’ ಎಂಬ ಪದವನ್ನೇ ತೆಗೆದುಕೊಳ್ಳಿ. ಮೊದಲು ರೋಮನಿನ ದೊಡ್ಡ ‘ಪಿ’. ಅದರ ಮಗ್ಗುಲಲ್ಲಿ ತಲೆಕಟ್ಟಿನ ಕೆಲಸಕ್ಕೆ ನಿಯುಕ್ತವಾದ, ಮೇಲೆ ಗೆರೆಯುಳ್ಳ ಫ್ರೆಂಚರ ‘ಎ’. ನಕಾರದ ಸ್ಥಾನದಲ್ಲಿ ಬ್ರಿಟಿಷ್ ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಅದೇ ತಲೆಕಟ್ಟು. ನಕಾರದ ಒತ್ತಿಗೆ ಜರ್ಮನರ ಇಮ್ಮಡಿ ‘ಎಸ್’. ಕೊನೆಗೆ ಡಕಾರಕ್ಕೆ ಸಣ್ಣ ‘ಕ್ಯು’, ಮತ್ತೊಂದು ತಲೆಕಟ್ಟು. ಕಣ್ಣು ‘ಕನ್ನಡ’ ಎಂದು ಓದುತ್ತಿದ್ದ ಕಡೆ ಗಣಕವು ಓದುತ್ತಿದ್ದುದು ಈ ಏಳು ಪರದೇಶೀಯ ಚಿಹ್ನೆಗಳನ್ನು. ಇಂದಿನ ಯೂನಿಕೋಡಿನಲ್ಲಿ ಅದೇ ಪದವು ಕ, ನ, ಹಲಂತದ ಚಿಹ್ನೆ, ನ, ಡ ಎಂಬ ಐದು ಸಂಕೇತಗಳಲ್ಲಿ, ಹದಿನೈದು ಬೈಟುಗಳಲ್ಲಿ, ಕನ್ನಡವಾಗಿಯೇ ಇದೆ.

ಇದರ ಪರಿಣಾಮವನ್ನು ನಾವೆಲ್ಲರೂ ಅನುಭವಿಸಿದ್ದೇವೆ. ಆ ಫಾಂಟು ಇಲ್ಲದ ಗಣಕದಲ್ಲಿ ಲೇಖನವು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತಿದ್ದಿತು. ನುಡಿಯ ಕ್ರಮ ಒಂದಾದರೆ ಶ್ರೀಲಿಪಿಯ ಕ್ರಮ ಇನ್ನೊಂದು, ಆಕೃತಿಯದು ಮತ್ತೊಂದು. ಒಂದರಲ್ಲಿ ಬರೆದುದು ಇನ್ನೊಂದರಲ್ಲಿ ತೆರೆಯುತ್ತಿರಲಿಲ್ಲ. ಪುಟದ ಜೊತೆಯಲ್ಲಿಯೇ ಫಾಂಟನ್ನೂ ಕಳುಹಿಸಿಕೊಡುವ ಡೈನಮಿಕ್ ಫಾಂಟುಗಳ ಉಪಾಯ ಬಂದಿತು. ಅದರಲ್ಲಿಯೂ ಬ್ರೌಸರುಗಳ ಪೈಕಿ ನೆಟ್‌ಸ್ಕೇಪಿಗೆ ಒಂದು ಬಗೆ, ಇಂಟರ್‌ನೆಟ್ ಎಕ್ಸ್‌ಪ್ಲೋರರಿಗೆ ಇನ್ನೊಂದು ಬಗೆ. ನೆಟ್‌ಸ್ಕೇಪಿನ ಆರನೆಯ ಆವೃತ್ತಿಯಲ್ಲಿ ಆ ಸೌಲಭ್ಯವನ್ನೇ ಕೈಬಿಟ್ಟುದರಿಂದ ಅದನ್ನು ನಂಬಿದ್ದ ಪುಟಗಳು ಅಲ್ಲಿ ಓದಲಾರದಂತಾದವು. ಶೋಧಯಂತ್ರಕ್ಕೆ ಇಂಥ ಪುಟದಲ್ಲಿ ಕನ್ನಡವೇ ಸಿಕ್ಕುತ್ತಿರಲಿಲ್ಲ. ಇನ್ನೂ ಕೆಲವರು ಈ ತೊಡಕುಗಳೇ ಬೇಡವೆಂದು ಸಮಾಚಾರವನ್ನೆಲ್ಲ ಚಿತ್ರವನ್ನಾಗಿ ಮಾಡಿ ಪುಟದ ಮೇಲೆ ಅಂಟಿಸಿದರು. ಅಂದು ಶ್ರಮಿಸಿದವರನ್ನು ದೂಷಿಸುವ ಉದ್ದೇಶ ನನಗೆ ಎಳ್ಳಷ್ಟೂ ಇಲ್ಲ. ಕನ್ನಡದ ಧ್ವನಿಕ್ರಮಕ್ಕೆ ಹೊಂದುವ ಕೀಲಿಮಣೆಯ ವಿನ್ಯಾಸವನ್ನು ಕೊಟ್ಟ ಕೆ.ಪಿ. ರಾಯರು, ಬರಹ ತಂತ್ರಾಂಶವನ್ನು ರಚಿಸಿದ ಶೇಷಾದ್ರಿವಾಸು ಚಂದ್ರಶೇಖರನ್, ನುಡಿಯನ್ನು ಹೊರತಂದ ಕನ್ನಡ ಗಣಕ ಪರಿಷತ್ತಿನವರು, ಇವರೆಲ್ಲ ಇದ್ದ ಸಾಧನಗಳಲ್ಲಿ ಸಾಧ್ಯವಾದುದನ್ನು ಸಾಧಿಸಿ ಕನ್ನಡವನ್ನು ಗಣಕದಿಂದ ಹೊರಗುಳಿಯದಂತೆ ಕಾಪಾಡಿದವರು. ಅವರ ಋಣ ದೊಡ್ಡದು. ಆದರೆ ಆ ಕಾಲವು ಕಲಿಸಿದ ಪಾಠ ಸ್ಪಷ್ಟವಾಗಿದೆ. ಕಾಣುವುದು ಸರಿಯಾಗಿದ್ದರೆ ಸಾಕು, ಒಳಗೆ ಏನಿದ್ದರೇನು ಎಂಬ ನಿಲುವಿನ ಬೆಲೆಯನ್ನು ಭಾಷೆಯೊಂದು ಹೇಗೆ ತೆರಬೇಕಾಗುತ್ತದೆಂಬುದಕ್ಕೆ ಕನ್ನಡದ ಆ ವರ್ಷಗಳಿಗಿಂತ ಬೇರೆ ಉದಾಹರಣೆ ನಮಗೆ ಬೇಕಿಲ್ಲ. ಪರದೆಯನ್ನು ನೋಡುವ ಕಸ್ಟಮರನ ವಿಷಯ ಹೇಳಿದ ಆ ಹುಡುಗನಿಗೆ ನಾನು ಹೇಳಿದುದೂ ಇದನ್ನೇ.

ಒಳಬರಹವು ಶುದ್ಧವಾದಾಗ ಏನಾಗುತ್ತದೆಂಬುದಕ್ಕೂ ನಿದರ್ಶನವುಂಟು. ವಚನಗಳ ಪಾಠವನ್ನು ಹಳೆಯ ಸಂಕೇತಗಳಿಂದ ಯೂನಿಕೋಡಿಗೆ ತಂದು ಕಟ್ಟಿದ ‘ವಚನ ಸಂಚಯ’ದಲ್ಲಿ ಇಂದು 20,000ಕ್ಕೂ ಮಿಕ್ಕ ವಚನಗಳ ನಡುವೆ ಒಂದು ಪದವನ್ನು ಹುಡುಕಿದರೆ, ಯಾವ ವಚನಕಾರರು ಅದನ್ನು ಎಲ್ಲೆಲ್ಲಿ ಬಳಸಿದ್ದಾರೆಂಬುದು ಕ್ಷಣಮಾತ್ರದಲ್ಲಿ ತೋರುತ್ತದೆ. ಪೂರ್ವಕಾಲದ ವಿದ್ವಾಂಸನೊಬ್ಬನಿಗೆ ಪದಸೂಚಿಯೊಂದರ ಸಿದ್ಧತೆಯಲ್ಲಿ ಆಯುಷ್ಯದ ಭಾಗವೇ ಕಳೆಯುತ್ತಿದ್ದಿತಲ್ಲವೇ? 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ, 2005ರಲ್ಲಿ ಹರಿಪ್ರಸಾದ್ ನಾಡಿಗರು ಆರಂಭಿಸಿದ ‘ಸಂಪದ’ವೂ ಯೂನಿಕೋಡನ್ನೇ ನಂಬಿ ಬೆಳೆದವು. ಈ ತಾಣಗಳಲ್ಲಿ ಬರೆಯುವ ಸಾಮಾನ್ಯ ಲೇಖಕನು ಕೋಡನ್ನು ಬರೆಯುವುದಿಲ್ಲ. ಸಿದ್ಧವಾದ ಚೌಕಟ್ಟಿನೊಳಗೆ ಕನ್ನಡವನ್ನು ಬರೆಯುತ್ತಾನೆ. ಆದುದರಿಂದ ಕೈಬರಹವೊಂದೇ ಶುದ್ಧ, ಸಾಧನವೆಲ್ಲ ಅಶುದ್ಧ ಎಂಬ ಮಾತು ನಿಲ್ಲಲಾರದು.

ಹಾಗಾದರೆ ಭೇದವಿರುವುದೆಲ್ಲಿ? ನಮ್ಮ ಸೀಮೆಯ ರೇಷ್ಮೆಯನ್ನು ಬಲ್ಲವರಿಗೆ ಇದನ್ನು ತಿಳಿಯಪಡಿಸುವುದು ಸುಲಭ. ರಾಮನಗರದ ಗೂಡಿನ ಮಾರುಕಟ್ಟೆಯಿಂದ ಹೊರಟ ಗೂಡು ಚರಕಕ್ಕೆ ಹೋಗಬಹುದು, ಕಾಟೇಜ್ ಬೇಸಿನ್ನಿಗೆ ಹೋಗಬಹುದು, ಸ್ವಯಂಚಾಲಿತ ರೀಲಿಂಗ್ ಯಂತ್ರಕ್ಕೂ ಹೋಗಬಹುದು. ಸ್ವಯಂಚಾಲಿತ ಯಂತ್ರವು ಒಂದೇ ಗಾತ್ರದ, ಎಳೆ ಕಡಿಯದ ದ್ವಿತಳಿ ಗೂಡನ್ನು ಬಯಸುತ್ತದೆ. ಅಂಥ ಗೂಡು ಬಂದರೆ ಅದು ತೆಗೆಯುವ ನೂಲಿನ ನಯವನ್ನೂ ಸಮತೆಯನ್ನೂ ಚರಕದಿಂದ ಪಡೆಯಲಾಗದು. ಮಿಶ್ರತಳಿಯ, ಒಂದೊಂದು ಒಂದೊಂದು ಬಗೆಯಾಗಿರುವ ಗೂಡನ್ನು ಬೇಯಿಸಿ ಎಳೆಯನ್ನು ಹುಡುಕಿ ತೆಗೆಯುವುದಾದರೆ ಬೇಸಿನ್ನಿನ ಮುಂದೆ ಕುಳಿತ ಕೈಯೇ ಬೇಕು. ಯಂತ್ರವು ಗೂಡನ್ನು ತನಗೆ ಹೊಂದಿಸಿಕೊಳ್ಳುತ್ತದೆ, ಕೈಯು ತನ್ನನ್ನು ಗೂಡಿಗೆ ಹೊಂದಿಸಿಕೊಳ್ಳುತ್ತದೆ. ದೃಶ್ಯತಂತ್ರಾಂಶಗಳೂ ಅವುಗಳ ಟೆಂಪ್ಲೇಟುಗಳೂ ಬಹುಮಟ್ಟಿಗೆ ರೋಮನ್ ಲಿಪಿಯನ್ನು ಮುಂದಿಟ್ಟುಕೊಂಡು ರಚಿತವಾದವು. ಕನ್ನಡವು ಅವುಗಳ ಪಾಲಿಗೆ ಮಿಶ್ರತಳಿಯ ಗೂಡು.

ಇದಕ್ಕೆ ಪ್ರತ್ಯಕ್ಷವಾದ ಸಾಕ್ಷ್ಯವನ್ನು ಯಾವ ಬೀದಿಯ ಕಂಪ್ಯೂಟರ್ ಅಂಗಡಿಯಲ್ಲಾದರೂ ನೋಡಬಹುದು. ‘ರಾಷ್ಟ್ರ’, ‘ಸ್ತ್ರೀ’, ‘ವಸ್ತ್ರ’ ಎಂಬ ಪದಗಳಲ್ಲಿ ಒತ್ತಿನ ಕೆಳಗೆ ಇನ್ನೊಂದು ಒತ್ತು ಇಳಿಯುತ್ತದೆ. ಸಾಲಿನ ಎತ್ತರವನ್ನು ಇಂಗ್ಲಿಷಿಗೆ ತಕ್ಕಷ್ಟೇ ಇರಿಸಿದ ಟೆಂಪ್ಲೇಟಿನಲ್ಲಿ ಅದು ಕೆಳಗಿನ ಸಾಲಿನ ದೀರ್ಘಕ್ಕೂ ಗುಡಿಸಿಗೂ ಡಿಕ್ಕಿ ಹೊಡೆಯುತ್ತದೆ, ಇಲ್ಲವೇ ಚೌಕದ ಅಂಚಿನಲ್ಲಿ ಕತ್ತರಿಸಿಹೋಗುತ್ತದೆ. ಮೆನುವಿನ ಗುಂಡಿಯನ್ನು ‘ಹೋಮ್’ ಎಂಬಷ್ಟು ಚಿಕ್ಕ ಪದಕ್ಕೆ ಅಳೆದಿರುತ್ತಾರೆ. ‘ಮುಖಪುಟ’ವಾದರೂ ಹಿಡಿದೀತು, ‘ಮಾಹಿತಿ ಹಕ್ಕು ಅಧಿನಿಯಮ’ ಹಿಡಿಯದು. ಒಳಬರಹವನ್ನು ಓದಬಲ್ಲವನಿಗೆ ಇದು ಅರೆಗಳಿಗೆಯ ಕೆಲಸ: ಶೈಲಿಪತ್ರದಲ್ಲಿ ಸಾಲಿನ ಎತ್ತರವನ್ನು ಸೂಚಿಸುವ ಸಂಖ್ಯೆಯೊಂದನ್ನು ಹೆಚ್ಚಿಸಿ, ಚೌಕದ ನಿಶ್ಚಿತ ಎತ್ತರವನ್ನು ಅಳಿಸಿಬಿಟ್ಟರೆ ಒತ್ತಕ್ಷರಗಳು ಉಸಿರಾಡುತ್ತವೆ. ಓದಲಾರದವನು ಏನು ಮಾಡುತ್ತಾನೆ? ಫಾಂಟನ್ನು ಬದಲಿಸಿ ನೋಡುತ್ತಾನೆ, ಅಕ್ಷರವನ್ನು ಚಿಕ್ಕದು ಮಾಡುತ್ತಾನೆ, ಕೊನೆಗೆ ಬೇಸತ್ತು ಕನ್ನಡವನ್ನೇ ತೆಗೆದು ಇಂಗ್ಲಿಷನ್ನು ಹಾಕುತ್ತಾನೆ. ನಮ್ಮ ಊರಿನ ಅಂಗಡಿಗಳ, ಶಾಲೆಗಳ, ಕಲ್ಯಾಣಮಂಟಪಗಳ ಜಾಲತಾಣಗಳು ಇಂಗ್ಲಿಷಿನಲ್ಲಿರುವುದಕ್ಕೆ ಮಾಲೀಕರ ಇಂಗ್ಲಿಷ್ ವ್ಯಾಮೋಹವನ್ನೇ ಕಾರಣವೆನ್ನುವವರಿದ್ದಾರೆ. ಕಟ್ಟಿಕೊಟ್ಟವನಿಗೆ ಒತ್ತಕ್ಷರವನ್ನು ಸರಿಪಡಿಸಲು ಬಾರದಿದ್ದುದೂ ಅನೇಕ ಕಡೆ ಕಾರಣವೆಂಬುದು ನಾನು ಕಂಡುಕೊಂಡ ಸಂಗತಿ.

ಕಣ್ಣಿಲ್ಲದವರ ಓದನ್ನೂ ಇಲ್ಲಿ ನೆನೆಯಬೇಕು. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವು ಪರದೆಯ ಬರಹವನ್ನು ಕನ್ನಡದ ಧ್ವನಿಯಲ್ಲಿ ಓದಿ ಹೇಳಬಲ್ಲುದು. ಪುಟದ ಮೊದಲಿನಲ್ಲಿ ಭಾಷೆ ಕನ್ನಡವೆಂದು ನಮೂದಿಸಿದ್ದರೆ ಅದು ಧ್ವನಿಯನ್ನು ತಕ್ಕಂತೆ ಬದಲಿಸಿಕೊಳ್ಳುತ್ತದೆ. ಶೀರ್ಷಿಕೆಗಳನ್ನು ಶೀರ್ಷಿಕೆಗಳೆಂದು ಗುರುತಿಸಿದ್ದರೆ ಕೇಳುಗನು ಒಂದರಿಂದ ಇನ್ನೊಂದಕ್ಕೆ ನೆಗೆದು ತನಗೆ ಬೇಕಾದುದನ್ನು ಹಿಡಿಯುತ್ತಾನೆ. ಬರಿಯ ದಪ್ಪಕ್ಷರದಿಂದ ಶೀರ್ಷಿಕೆಯಂತೆ ತೋರಿಸಿದ ಪುಟದಲ್ಲಿ ಅವನಿಗೆ ದಾರಿಯಿಲ್ಲ. ಸರಕಾರದ ಆದೇಶವನ್ನು ಟೈಪು ಮಾಡಿ, ಮುದ್ರಿಸಿ, ಸಹಿ ಹಾಕಿ, ಮತ್ತೆ ಸ್ಕ್ಯಾನ್ ಮಾಡಿ ತಾಣಕ್ಕೆ ಏರಿಸುವ ವಾಡಿಕೆಯೊಂದು ನಮ್ಮಲ್ಲಿ ಬೇರೂರಿದೆ. ಅಕ್ಷರವಾಗಿ ಹುಟ್ಟಿದುದನ್ನು ಚಿತ್ರವನ್ನಾಗಿ ಮಾಡಿ ಕೊಲ್ಲುವ ಈ ಕ್ರಮದಿಂದ ಅಂಧರಿಗೂ ಅನ್ಯಾಯ, ಹುಡುಕುವವರಿಗೂ ಅನ್ಯಾಯ. ಇದು ನಿಲ್ಲಬೇಕು.

ಸರಕಾರದ ತಾಣಗಳ ಮಾತು ಬಂದುದರಿಂದ ಟೆಂಪ್ಲೇಟಿನ ಪರವಾಗಿ ಹೇಳಬೇಕಾದುದನ್ನೂ ಹೇಳಿಬಿಡುತ್ತೇನೆ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರವು ಎಸ್‌ತ್ರಿವಾಸ್ ಎಂಬ ಸಿದ್ಧ ಚೌಕಟ್ಟೊಂದನ್ನು ರಚಿಸಿ, ಜಿಲ್ಲಾಡಳಿತಗಳ ತಾಣಗಳನ್ನು ಅದರ ಮೇಲೆ ನಿಲ್ಲಿಸಿದೆ. ನಮ್ಮ ಜಿಲ್ಲೆಯ ತಾಣವೂ ಆ ಪರಿವಾರಕ್ಕೆ ಸೇರಿದುದೇ. ಹಿಂದೆ ಜಿಲ್ಲೆಗೊಂದು ಬಗೆಯಾಗಿ, ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ಕಟ್ಟಿದ ತಾಣಗಳಿದ್ದ ಕಡೆ, ಈಗ ಎರಡು ಭಾಷೆಗಳ ಸೌಲಭ್ಯ, ಅಕ್ಷರವನ್ನು ಹಿಗ್ಗಿಸುವ ಸೌಲಭ್ಯ, ಸುರಕ್ಷತೆಯ ಏರ್ಪಾಡು, ಇವೆಲ್ಲ ಏಕರೂಪವಾಗಿ ದೊರೆತಿವೆ. ದೂರವಾಣಿ ಸಂಖ್ಯೆಯೊಂದನ್ನು ಬದಲಿಸುವುದಕ್ಕೆ ಗುಮಾಸ್ತರು ಕೋಡ್ ಬಲ್ಲವನನ್ನು ಕಾಯಬೇಕಾಗಿಲ್ಲ. ಅನೇಕರು ಒಂದೇ ಬಗೆಯ ಕರ್ತವ್ಯವನ್ನು ನಿರ್ವಹಿಸಬೇಕಾದೆಡೆ ಚೌಕಟ್ಟೇ ಸರಿಯಾದುದೆಂದು ನಾನು ನಿಸ್ಸಂಕೋಚವಾಗಿ ಒಪ್ಪುತ್ತೇನೆ. ಆದರೆ ಆ ಚೌಕಟ್ಟನ್ನು ರಚಿಸಿದವರು ಒಳಬರಹವನ್ನು ಬಲ್ಲವರು, ಸರಕಾರೀ ತಾಣಗಳಿಗಾಗಿ 2009ರಲ್ಲಿ ಪ್ರಕಟವಾದ ಮಾರ್ಗಸೂಚಿಗೆ ಬದ್ಧರಾದವರು ಎಂಬುದನ್ನು ಮರೆಯಲಾಗದು.

ತೂಕದ ವಿಷಯವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟು. ಮೂರು ಸಾವಿರ ಸಂಕೇತಗಳ ಲೇಖನವೊಂದು ಒಂಬತ್ತು ಸಾವಿರ ಬೈಟುಗಳಲ್ಲಿ ಮುಗಿಯುತ್ತದೆ. ಅದೇ ಲೇಖನವನ್ನು ಎಳೆದುಬಿಡುವ ತಂತ್ರಾಂಶವೊಂದರಿಂದ ರಚಿಸಿದರೆ, ಚಲಿಸುವ ಚಿತ್ರಪಟ್ಟಿಗೆ, ಬಳಸದ ಫಾಂಟುಗಳಿಗೆ, ಓದುಗನ ಚಲನವಲನವನ್ನು ಗಮನಿಸುವ ಉಪಾಂಗಗಳಿಗೆ ಬೇಕಾದ ಸಾಮಗ್ರಿಯೆಲ್ಲ ಸೇರಿ ಪುಟವು ಅನಾಯಾಸವಾಗಿ ಎರಡು ಮೆಗಾಬೈಟನ್ನು ಮೀರುತ್ತದೆ. ಸಿಗ್ನಲ್ ದುರ್ಬಲವಾದ ಹಳ್ಳಿಯಲ್ಲಿ ಕಡಿಮೆ ಬೆಲೆಯ ಫೋನನ್ನು ಹಿಡಿದು ಕಾಯುವ ರೈತನಿಗೆ ಈ ವ್ಯತ್ಯಾಸವು ತಿಳಿಯುತ್ತದೆ.

ಇದಕ್ಕಿಂತ ಗಂಭೀರವಾದುದು ಸ್ವಾಮಿತ್ವದ ಪ್ರಶ್ನೆ. ನಾನು ಬಲ್ಲ ಸಂಘವೊಂದು ಉತ್ಸಾಹದಿಂದ ತಾಣವೊಂದನ್ನು ಮಾಡಿಸಿಕೊಂಡಿತು. ಕಟ್ಟಿಕೊಟ್ಟ ತರುಣನು ಹೊರದೇಶದ ಎಳೆದುಬಿಡುವ ಸೇವೆಯೊಂದರಲ್ಲಿ ತನ್ನದೇ ಈಮೇಲಿನಿಂದ ಖಾತೆ ತೆರೆದು, ವಾರ್ಷಿಕ ಶುಲ್ಕವನ್ನು ತನ್ನ ಕಾರ್ಡಿನಿಂದಲೇ ತುಂಬಿ, ಬಹಳ ಅಂದವಾದ ತಾಣವನ್ನೇ ಕಟ್ಟಿದನು. ಕೆಲವು ವರ್ಷಗಳ ತರುವಾಯ ಅವನು ಉದ್ಯೋಗಾರ್ಥವಾಗಿ ಬೇರೆ ಊರಿಗೆ ಹೋದನು, ಶುಲ್ಕವು ನಿಂತಿತು, ತಾಣವೂ ಮುಚ್ಚಿತು. ತಾಣದ ವಿಳಾಸವಾದ ಡೊಮೈನು ಅವನ ಹೆಸರಿನಲ್ಲಿದ್ದಿತು. ಪುಟಗಳನ್ನು ಹೊರತೆಗೆದು ಬೇರೆಡೆ ಇರಿಸೋಣವೆಂದರೆ, ಆ ಸೇವೆಯಲ್ಲಿ ಕಟ್ಟಿದ ತಾಣವನ್ನು ಕಡತಗಳಾಗಿ ಹೊರಕ್ಕೆ ಒಯ್ಯುವ ಮಾರ್ಗವೇ ಇರಲಿಲ್ಲ. ವಾರ್ಷಿಕ ವರದಿಗಳು, ಹಿರಿಯ ಸದಸ್ಯರ ನೆನಪಿನ ಬರಹಗಳು, ಭಾವಚಿತ್ರಗಳು ಹೋದವು. ಯಾರೂ ಮೋಸ ಮಾಡಲಿಲ್ಲ. ಕೇಳಬೇಕಾದುದನ್ನು ಕೇಳುವ ತಿಳಿವಳಿಕೆ ಸಂಘದಲ್ಲಿ ಯಾರಿಗೂ ಇರಲಿಲ್ಲ, ಅಷ್ಟೆ. ದೊಡ್ಡ ಪ್ರಮಾಣದಲ್ಲಿ ಇದೇ ದುರಂತವು 2009ರ ಅಕ್ಟೋಬರಿನಲ್ಲಿ ನಡೆಯಿತು. ಜಿಯೋಸಿಟೀಸ್ ಎಂಬ ಸೇವೆಯನ್ನು ಅದರ ಒಡೆತನ ಹೊಂದಿದ್ದ ಯಾಹೂ ಮುಚ್ಚಿದಾಗ ಜಗತ್ತಿನ ಅಸಂಖ್ಯ ಸಾಮಾನ್ಯರ ಮನೆಪುಟಗಳು ಜಾಲದಿಂದ ಅಳಿದವು, ಉತ್ಸಾಹಿಗಳು ಮುನ್ನವೇ ನಕಲಿಳಿಸಿಕೊಂಡಿದ್ದಷ್ಟು ಮಾತ್ರ ಉಳಿಯಿತು. ನಕಲಿಳಿಸುವುದು ಸಾಧ್ಯವಾದುದಾದರೂ ಆ ಪುಟಗಳು ಸರಳ ಎಚ್‌ಟಿಎಂಎಲ್ ಕಡತಗಳಾಗಿದ್ದುದರಿಂದ.

ಈಗೀಗ ಬೇಕಾದುದನ್ನು ಮಾತಿನಲ್ಲಿ ಹೇಳಿದರೆ ಕೋಡನ್ನೇ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಸಾಧನಗಳು ಬಂದಿವೆ. ಇನ್ನು ಈ ವಾದವೇ ಮುಗಿಯಿತೆಂದು ಕೆಲವರು ಭಾವಿಸಿದ್ದಾರೆ. ಬರೆಯುವ ಶ್ರಮವು ಕಡಿಮೆಯಾದೀತು. ಬರೆದುದು ಸರಿಯೋ ತಪ್ಪೋ ಎಂದು ಓದಿ ನಿರ್ಣಯಿಸುವ ಭಾರವು ಮಾತ್ರ ಹೆಚ್ಚಿತೇ ಹೊರತು ತಗ್ಗಲಿಲ್ಲ. ಆದುದರಿಂದ ನನ್ನ ನಿಲುವನ್ನು ಹೀಗೆ ಹೇಳಬಯಸುತ್ತೇನೆ: ಕಸುಬಿಗೆ ಇಳಿಯುವ ಪ್ರತಿಯೊಬ್ಬರೂ ಯಾವ ಸಾಧನವನ್ನಾದರೂ ಬಳಸಲಿ, ದಿನನಿತ್ಯದ ಕೆಲಸಕ್ಕೆ ಟೆಂಪ್ಲೇಟನ್ನೇ ಹಿಡಿಯಲಿ, ಆದರೆ ಮೊದಲು ಕೆಲವು ಪುಟಗಳನ್ನಾದರೂ ಕೈಯಾರೆ, ಕನ್ನಡದಲ್ಲಿ, ಒಂದೊಂದು ಟ್ಯಾಗಿನ ಅರ್ಥವನ್ನೂ ಅರಿತು ಬರೆದಿರಬೇಕು. ಓದುಬರಹವಿಲ್ಲದವನು ಕಾಗದಪತ್ರಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದ ಕಾಲವನ್ನು ನಮ್ಮ ಹಿರಿಯರು ದಾಟಿಸಿದರು. ಜಾಲದ ವಿಷಯದಲ್ಲಿ ನಾವು ಮತ್ತೆ ಅಲ್ಲಿಗೆ ಮರಳಬಾರದು.

ಕೊನೆಯಲ್ಲಿ ಸೋಲೂರಿನ ಮಹಾಜನರಲ್ಲಿ ಎರಡು ವಿಜ್ಞಾಪನೆಗಳು. ಗ್ರಾಮ ಪಂಚಾಯಿತಿಗಳ ಗ್ರಂಥಾಲಯಗಳು ಇಂದು ಅರಿವು ಕೇಂದ್ರಗಳೆನಿಸಿಕೊಂಡು, ಅವುಗಳಿಗೆ ಗಣಕಗಳೂ ಬರುತ್ತಿವೆ. ಬರುವ ಬೇಸಗೆಯ ರಜೆಯಲ್ಲಿ ಹೋಬಳಿಯ ಪ್ರೌಢಶಾಲೆಗಳ ಮಕ್ಕಳನ್ನು ಅಲ್ಲಿ ಕೂರಿಸಿ, ಒಬ್ಬೊಬ್ಬರಿಂದಲೂ ತಮ್ಮ ತಮ್ಮ ಹಳ್ಳಿಯ ವಿಷಯವಾಗಿ ಒಂದು ಪುಟವನ್ನು ನೋಟ್‌ಪ್ಯಾಡಿನಲ್ಲಿ ಬರೆಯಿಸಿ: ಊರ ಕೆರೆಯ ಹೆಸರು, ಜಾತ್ರೆಯ ತಿಂಗಳು, ಬಸ್ಸಿನ ವೇಳೆ, ಇಷ್ಟೇ ಸಾಕು. ಇದಕ್ಕೆ ಹಣ ಬೇಕಾಗಿಲ್ಲ, ಇಂಟರ್‌ನೆಟ್ ಸಹ ಮೊದಲಿಗೆ ಬೇಕಾಗಿಲ್ಲ; ಕಲಿಸಬಲ್ಲ ತರುಣರು ಈ ಸಭೆಯಲ್ಲಿಯೇ ಇದ್ದಾರೆ, ಅವರನ್ನು ಕೇಳಿದರೆ ಇಲ್ಲವೆನ್ನಲಾರರು. ಎರಡನೆಯದು, ಸಂಘ, ಶಾಲೆ, ಮಠ, ದೇವಸ್ಥಾನ, ಯಾವ ಸಂಸ್ಥೆಯ ಪರವಾಗಿಯೇ ಆಗಲಿ ತಾಣವನ್ನು ಮಾಡಿಸುವವರು, ಹಣ ಕೊಡುವ ಮುನ್ನ ಕರಾರುಪತ್ರದಲ್ಲಿ ಇಷ್ಟನ್ನು ಬರೆಯಿಸಿಕೊಳ್ಳಿ: ಡೊಮೈನು ಸಂಸ್ಥೆಯ ಹೆಸರಿನಲ್ಲಿಯೇ ಇರತಕ್ಕದ್ದು, ಎಲ್ಲ ಪಾಸ್‌ವರ್ಡುಗಳೂ ಕಾರ್ಯದರ್ಶಿಯ ವಶಕ್ಕೆ ಬರತಕ್ಕದ್ದು, ಕನ್ನಡವೆಲ್ಲ ಯೂನಿಕೋಡಿನಲ್ಲಿ, ಚಿತ್ರವಾಗಿರದೆ ಅಕ್ಷರವಾಗಿಯೇ ಇರತಕ್ಕದ್ದು, ತಾಣದ ಸಮಸ್ತ ಕಡತಗಳ ಪ್ರತಿಯೊಂದನ್ನು ವರ್ಷಕ್ಕೊಮ್ಮೆ ಪೆನ್‌ಡ್ರೈವಿನಲ್ಲಿ ಸಂಸ್ಥೆಗೆ ಒಪ್ಪಿಸತಕ್ಕದ್ದು. ಇದಕ್ಕೆ ಒಪ್ಪದವರಿಂದ ತಾಣವನ್ನು ಮಾಡಿಸಬೇಡಿ.